ಸಹಾಯ ಬೇಕು: ಮಾರ್ಕ್‌ಡೌನ್ ಸ್ಲೈಡ್‌ಗಳಲ್ಲಿ ಕನ್ನಡ ಶೀರ್ಷಿಕೆಗಳ ತೊಡಕು

ನಮಸ್ಕಾರ. ಉಪನ್ಯಾಸದ ಟಿಪ್ಪಣಿಗಳನ್ನು ಮಾರ್ಕ್‌ಡೌನ್‌ನಲ್ಲಿ (ಶೀರ್ಷಿಕೆ, ಪಟ್ಟಿಗಳನ್ನು ಸರಳ ಗುರುತುಗಳಿಂದ ಸೂಚಿಸುವ ಬರಹ ಪದ್ಧತಿ) ಬರೆದು, ಕಡತಗಳ ಸ್ವರೂಪ ಬದಲಿಸುವ ಪ್ಯಾಂಡಾಕ್ ತಂತ್ರಾಂಶದ ಮೂಲಕ ಬ್ರೌಸರ್‌ನಲ್ಲಿ ತೋರಿಸಬಹುದಾದ ರಿವೀಲ್ ಜೆಎಸ್ ಸ್ಲೈಡ್‌ಗಳಾಗಿ ಪರಿವರ್ತಿಸುತ್ತಿದ್ದೇನೆ. ಎಲ್ಲವೂ ಸಾದಾ ಪಠ್ಯವಾಗಿರುವುದರಿಂದ ಯಾವ ಸಾಲು ಯಾವಾಗ ಬದಲಾಯಿತೆಂಬುದು ಗಿಟ್‌ನಲ್ಲಿ (ಕಡತಗಳ ಬದಲಾವಣೆಗಳನ್ನು ದಾಖಲಿಸುವ ತಂತ್ರಾಂಶ) ಸ್ಪಷ್ಟವಾಗಿ ಕಾಣುತ್ತದೆ. ಈ ಒಂದು ಅನುಕೂಲಕ್ಕಾಗಿಯೇ ಬೇರೆ ತಂತ್ರಾಂಶಕ್ಕೆ ಮರಳಲು ಮನಸ್ಸಿಲ್ಲ.

ಮೊದಲ ಹಂತದ ಶೀರ್ಷಿಕೆಯ ಕೆಳಗೆ ನೇರವಾಗಿ ಪರಿಚಯ ವಾಕ್ಯವೊಂದನ್ನು ಬರೆದರೆ ಪ್ಯಾಂಡಾಕ್ ಆ ಹಂತವನ್ನೇ ಸ್ಲೈಡಿನ ಹಂತವೆಂದು (ಹೊಸ ಸ್ಲೈಡ್ ಶುರುವಾಗುವ ಹಂತವೆಂದು) ಪರಿಗಣಿಸಿ, ಎರಡನೆಯ ಹಂತದ ಭಾಗಗಳನ್ನೆಲ್ಲ ಒಂದೇ ಸ್ಲೈಡಿಗೆ ತುಂಬುತ್ತದೆ. ‘ಸ್ಲೈಡ್-ಲೆವೆಲ್’ ಆಯ್ಕೆಗೆ 2 ಎಂದು ಕೊಟ್ಟಾಗ ಅದು ಸರಿಹೋಯಿತು. ಉಳಿದಿರುವುದು ಕನ್ನಡ ಅಕ್ಷರಗಳ ತೊಡಕು. ನಾನು ಬಳಸುವ ಬಿಳಿ ಥೀಮ್‌ನಲ್ಲಿ ಶೀರ್ಷಿಕೆಯ ಸಾಲಿನೆತ್ತರ ಅಕ್ಷರದ ಗಾತ್ರದ 1.2 ಪಟ್ಟು ಇರುವುದರಿಂದ, ಶೀರ್ಷಿಕೆ ಎರಡು ಸಾಲಿಗೆ ಹರಡಿದಾಗ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ‘ರಾಷ್ಟ್ರ’ದಂಥ ಪದವಿದ್ದರಂತೂ ಓದುವುದೇ ಕಷ್ಟ. ಎತ್ತರವನ್ನು ಹೆಚ್ಚಿಸಿದರೆ, ಪಟ್ಟಿಯ ಕೊನೆಯ ಸಾಲುಗಳು 960 × 700 ಪಿಕ್ಸೆಲ್‌ಗಳ ಸ್ಲೈಡ್ ಚೌಕಟ್ಟಿನಿಂದ ಹೊರಬೀಳುತ್ತವೆ.

ಪ್ರತಿ ಸ್ಲೈಡಿಗೂ ಕೈಯಾರೆ ಗಾತ್ರ ಹೊಂದಿಸದೆ, ವಿನ್ಯಾಸದ ನಿಯಮಗಳಿರುವ ಒಂದೇ ಸಿಎಸ್‌ಎಸ್ ಕಡತದಿಂದ ಇದನ್ನು ನಿಭಾಯಿಸುವ ದಾರಿ ಇದೆಯೇ? ಜೊತೆಗೆ, ಅಂತರ್ಜಾಲವಿಲ್ಲದ ಕಡೆಯಲ್ಲೂ ತೋರಿಸಬೇಕಿರುವುದರಿಂದ, ‘ಎಂಬೆಡ್-ರಿಸೋರ್ಸಸ್’ ಆಯ್ಕೆಯೊಂದಿಗೆ ನೋಟೊ ಸೆರಿಫ್ ಕನ್ನಡ ಫಾಂಟ್ ಕೂಡ ಎಚ್‌ಟಿಎಂಎಲ್ ಕಡತದೊಳಗೇ ಸೇರಬೇಕಾದರೆ ಫಾಂಟ್‌ನ ಹೆಸರು, ಕಡತಗಳನ್ನು ಸೂಚಿಸುವ ಫಾಂಟ್‌ಫೇಸ್ ನಿಯಮವನ್ನು ಎಲ್ಲಿ ಬರೆಯಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.