ಪದಚರ್ಚೆ: "ತ್ರಾವೆಸ್ತಿ", "ಎಲ್ ತೇಜೆ" – ಫಲಕಕ್ಕೆ ಕನ್ನಡ ಬೇಕು, ನಾಳೆ ನಾಲ್ಕರೊಳಗೆ

ಎಸ್.ಎಂ., ಮೈಸೂರು:
ಅರ್ಜೆಂಟೀನಾದ ಟ್ರಾನ್ಸ್ ಹೆಂಗಸರ ಹಳೆಯ ಫೋಟೊಗಳ ಪ್ರದರ್ಶನಕ್ಕೆ ಹನ್ನೆರಡು ಅಡಿಬರಹ, ಆರಡಿ-ಮೂರಡಿಯ ಒಂದು ಫ್ಲೆಕ್ಸ್. ಕರಡಿನ ತಲೆಬರಹ "ಲ್ಯಾಟಿನಾ ಮಂಗಳಮುಖಿಯರ ಕಲೆ". ಸ್ಪ್ಯಾನಿಶ್ ಮೂಲದಲ್ಲಿ ಅವರಿಗಿರುವ ಪದ "ತ್ರಾವೆಸ್ತಿ". ಒಂದು ಚಿತ್ರದಲ್ಲಿ 2007ರ ಪತ್ರಿಕೆ ಇದೆ, ಹೆಸರು "ಎಲ್ ತೇಜೆ". ಅರ್ಥವೇನು? ಕಾರ್ನಿವಲ್ ಉಡುಪಿಗೆ ಹೊಲಿದಿರುವ ಹೊಳೆಯುವ ಪುಟ್ಟ ಬಿಲ್ಲೆಗಳಿಗೂ ಒಂದು ಪದ ಬೇಕು.

ಕೆ.ವಿ.:
ತೇಜೆ ಎಂದರೆ ತೇಜಸ್ಸು, ಇನ್ನೇನು? "ಬೆಳಕು" ಎಂದು ಹಾಕಿ. ತ್ರಾವೆಸ್ತಿಯ "ವೆಸ್ತಿ" ಲ್ಯಾಟಿನ್ನಿನ ವೆಸ್ತಿಸ್, ಅದು ನಮ್ಮ ವಸ್ತ್ರದ ದಾಯಾದಿ. "ವಸ್ತ್ರಾಂತರಿ" ಸಲೀಸಾಗಿ ನಿಲ್ಲುತ್ತದೆ. ಮುಗಿಯಿತು.

ಜಿ.ಆರ್., ಧಾರವಾಡ:
ಮುಗಿದಿಲ್ಲ. ಸ್ಪ್ಯಾನಿಶ್‌ನಲ್ಲಿ "ಜೆ" (j) ಅಕ್ಷರಕ್ಕೆ ಹಕಾರದ ಉಚ್ಚಾರ. ಪದ "ತೆಹೆ", ತೇಜಸ್ಸಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಮೂಲ ಕ್ರಿಯಾಪದ "ತೆಹೇರ್": ನೇಯು, ಹೆಣೆ ಎರಡೂ ಹೌದು. ವ್ಯುತ್ಪತ್ತಿ ಬೇಕೇಬೇಕೆಂದರೆ ಲ್ಯಾಟಿನ್ ತೆಕ್ಸೆರೆ, ಸಂಸ್ಕೃತದ ತಕ್ಷ್ ಧಾತುವಿನ ನೆಂಟ. ಆದರೆ ನಮ್ಮಲ್ಲಿ ತಕ್ಷಕ ಬಡಗಿಯಾದ, ಅಲ್ಲಿ ಅದೇ ಧಾತು ಮಗ್ಗ ಹತ್ತಿತು. ಹಾಗಾಗಿ ವ್ಯುತ್ಪತ್ತಿ ಹಿಡಿದು ಫಲಕ ಬರೆಯಬೇಡಿ.

ಬ್ಯೂನಸ್ ಐರಿಸ್‌ನ ತ್ರಾವೆಸ್ತಿಯರ ಒಳಮಾತಿನಲ್ಲಿ "ತೆಹೆ" ಎಲ್ಲದಕ್ಕೂ ಒಗ್ಗುವ ಪದ: ಆ ವಿಷಯ, ಆ ಮಸಲತ್ತು, ನಮ್ಮೊಳಗಿನ ಅದು. ಮಾರ್ಲೆನೆ ವಯಾರ್ ಸಂಪಾದಕತ್ವದಲ್ಲಿ ರೋಹಾಸ್ ಸಾಂಸ್ಕೃತಿಕ ಕೇಂದ್ರದಿಂದ ಹೊರಟ ಆ ಪತ್ರಿಕೆ ಲ್ಯಾಟಿನ್ ಅಮೆರಿಕದ ಮೊದಲ ತ್ರಾವೆಸ್ತಿ ಪತ್ರಿಕೆ ಎಂದೇ ತನ್ನನ್ನು ಕರೆದುಕೊಂಡಿತು. "ಬೆಳಕು" ಎಂದು ಹಾಕಿದರೆ ಆ ತುಂಟತನವೆಲ್ಲ ಹೋಗಿ ಭಜನಾ ಮಂಡಳಿಯ ಮುಖವಾಣಿ ಆದೀತು.

"ವಸ್ತ್ರಾಂತರಿ"ಯಂತೂ ಬೇಡವೇ ಬೇಡ. ಬೇರೆ ಲಿಂಗದ ಬಟ್ಟೆ ತೊಟ್ಟು ಬೀದಿಗೆ ಬಂದರು ಎಂದು ಅವರನ್ನು ಹಿಡಿದು ಕೂರಿಸುತ್ತಿದ್ದ ಪೊಲೀಸ್ ಕಟ್ಟಳೆಗಳು ಆ ನಗರದಲ್ಲಿ 1998ರವರೆಗೂ ಇದ್ದವು. ಬೈಗುಳವಾಗಿದ್ದ "ತ್ರಾವೆಸ್ತಿ"ಯನ್ನು 1990ರ ದಶಕದಲ್ಲಿ ಹೋರಾಟಗಾರ್ತಿ ಲೊಹಾನಾ ಬೆರ್ಕಿನ್ಸ್ ಮತ್ತು ಜೊತೆಗಾರರು ತಮ್ಮ ಹೆಸರಾಗಿ ಎತ್ತಿಕೊಂಡರು. ನೀವು ಅದನ್ನು ಬಿಚ್ಚಿ ಮತ್ತೆ ಬಟ್ಟೆಗೆ ಇಳಿಸಿದರೆ ಪೊಲೀಸಿನವನ ಅರ್ಥಕ್ಕೇ ವಾಪಸ್ಸು.

ಎನ್.ಪಿ.:
ಬೇರುಗಳ ಜಗಳ ಸಾಕು. ಕನ್ನಡದ ಪದ ಕೊಡಿ. ತೆಹೆಗೆ "ನೆಯ್ಗೆ". ಬಿಲ್ಲೆಗೆ "ಹೊಳೆಬಿಲ್ಲೆ". ತ್ರಾವೆಸ್ತಿಗೆ "ಮಾರುಡುಗೆಯವರು". ಸಂಸ್ಕ್ರುತವೂ ಬೇಡ, ಸ್ಪ್ಯಾನಿಶೂ ಬೇಡ.

ಜಿ.ಆರ್.:
ಮಾರುಡುಗೆಯೂ ಬಟ್ಟೆಯೇ. ಮೇಲೆ ಬರೆದದ್ದನ್ನು ಓದಿ.

ಟಿ.ಎಲ್., ಬೆಂಗಳೂರು:
"ಮಂಗಳಮುಖಿ", "ಹಿಜ್ರಾ", "ಜೋಗಪ್ಪ" ಯಾವುದೂ ಸಲ್ಲದು. ಜೋಗಪ್ಪ ಎಂದರೆ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡವರು. ಬ್ಯೂನಸ್ ಐರಿಸ್‌ನಲ್ಲಿ ಎಲ್ಲಮ್ಮ ಎಲ್ಲಿಂದ ಬಂದಳು? "ತ್ರಾವೆಸ್ತಿ" ಎಂದೇ ಇಟ್ಟು ಕೆಳಗೆ ಒಂದು ಸಾಲು ವಿವರಣೆ ಕೊಡಿ. ಬಹುವಚನ "ತ್ರಾವೆಸ್ತಿಯರು", ಗೆಳತಿಯರು ಇದ್ದ ಹಾಗೆ. "-ಗಳು" ಹಚ್ಚಿದರೆ ಕುರ್ಚಿ ಮೇಜುಗಳ ಸಾಲಿಗೆ ಸೇರುತ್ತಾರೆ.

"ಲ್ಯಾಟಿನಾ" ತಲೆಬರಹದಿಂದ ಹೋಗಲಿ. ಅದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿರುವ ಲ್ಯಾಟಿನ್ ಅಮೆರಿಕ ಮೂಲದ ಹೆಂಗಸರ ಗುರುತು. 2009ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಹುಟ್ಟಿದ ಟ್ರಾನ್ಸ್‌ಲ್ಯಾಟಿನಾ ಒಕ್ಕೂಟದ ಫಲಕವಾಗಿದ್ದರೆ ಸರಿ. (ಅವರು ಕೊನೆಯಕ್ಷರದ ಜಾಗದಲ್ಲಿ ಮಿಂಚಂಚೆಯ @ ಗುರುತು ಹಾಕಿ ಆಕಾರ, ಓಕಾರ ಎರಡನ್ನೂ ಒಂದೇ ಸುತ್ತಿನಲ್ಲಿ ಕೂರಿಸುತ್ತಾರೆ. ಕನ್ನಡಕ್ಕೆ ಆ ಕಸರತ್ತು ಬೇಕಿಲ್ಲ, ನಮ್ಮ "ಅವರು" ಸಾಕು.) ಅರ್ಜೆಂಟೀನಾದ ಚಿತ್ರಗಳ ಮೇಲೆ ಆ ಪದ ಅಂಟಿಸಬೇಡಿ.

ಬಿಲ್ಲೆಗೆ ಸ್ಪ್ಯಾನಿಶ್‌ನವರು "ಪುಟ್ಟ ಬೇಳೆ" ಎನ್ನುತ್ತಾರೆ, ಲೆಂತೆಹುಯೆಲಾ. ಮುದ್ದಾಗಿದೆ, ಆದರೆ ನಮ್ಮ ದರ್ಜಿ ಅಂಗಡಿಯಲ್ಲಿ "ಚಮಕಿ" ಕೇಳಿದರೆ ಪೊಟ್ಟಣ ಕೈಗೆ ಬರುತ್ತದೆ, "ಹೊಳೆಬಿಲ್ಲೆ" ಕೇಳಿದರೆ ಮುಖ ನೋಡುತ್ತಾರೆ. ಅಡಿಬರಹದಲ್ಲಿ "ಚಮಕಿ ಅಂಟಿಸಿದ" ಎಂದು ಬರೆದುಬಿಡಬೇಡಿ, ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಪ್ರತಿ ಚಮಕಿಯ ನಡುವೆ ಸಣ್ಣ ಮಣಿ ಕಂಡರೆ, ದಾರ ತೂತಿನಿಂದ ಮೇಲೆ ಬಂದು, ಮಣಿ ಪೋಣಿಸಿಕೊಂಡು, ಅದೇ ತೂತಿನಲ್ಲಿ ಕೆಳಗಿಳಿದಿದೆ ಎಂದರ್ಥ. ಚಮಕಿ ಜಾರದಂತೆ ಹಿಡಿಯುವುದು ಮಣಿ. ಗಂಟು ಹಾಕದೆ ಒಂದೇ ದಾರದಲ್ಲಿ ಓಡಿಸಿದರೆ, ಕುಣಿಯುವಾಗ ಒಂದು ಕಡೆ ಹರಿದರೆ ಸಾಲಿಗೆ ಸಾಲೇ ಉದುರುತ್ತದೆ.

ಕೆ.ವಿ.:
ಒಪ್ಪಿದೆ, ತೇಜಸ್ಸು ತಪ್ಪು. ಕಾರ್ನಿವಲ್ಲಿಗೆ "ಜಾತ್ರೆ" ಎನ್ನಬಹುದಲ್ಲ?

ಟಿ.ಎಲ್.:
ಬೇಡ. ಪೊಲೀಸರು ಹಿಡಿದೊಯ್ಯುವ ಭಯ ಕಡಿಮೆ ಇದ್ದದ್ದು ಕಾರ್ನಿವಲ್ಲಿನ ರಾತ್ರಿಗಳಲ್ಲೇ. ಅದಕ್ಕೇ ಮರಿಯಾ ಬೆಲೆನ್ ಕೊರ್ರೆಯಾ 2012ರಲ್ಲಿ ಶುರು ಮಾಡಿದ ಟ್ರಾನ್ಸ್ ನೆನಪಿನ ಸಂಗ್ರಹದಲ್ಲಿ ಅಷ್ಟೊಂದು ಕಾರ್ನಿವಲ್ ಚಿತ್ರಗಳಿವೆ. ಜಾತ್ರೆ ಎಂದರೆ ಓದುಗ ತೇರು ಹುಡುಕುತ್ತಾನೆ.

ಎನ್.ಪಿ.:
ಅಂದರೆ ತ್ರಾವೆಸ್ತಿ, ಕಾರ್ನಿವಲ್, ಚಮಕಿ, ಫ್ಲೆಕ್ಸ್. ಕನ್ನಡ ಎಲ್ಲಿದೆ ಈ ಪಲಕದಲ್ಲಿ?

ಜಿ.ಆರ್.:
ವಿಭಕ್ತಿಯಲ್ಲಿದೆ, ಕ್ರಿಯಾಪದದಲ್ಲಿದೆ. ಅನಾನಸು ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಪದ, ಬಟಾಟೆ ಕೆರಿಬಿಯನ್ನಿನದು. ಪಲ್ಯ ಮಾಡುವಾಗ ಯಾರೂ ಬೇರು ಕೇಳಲಿಲ್ಲ.

ತೆಹೆಗೆ ನನ್ನ ಮತ "ಹೆಣಿಗೆ". ನೇಯ್ಗೆ ಎಂದರೆ ಬರೀ ಬಟ್ಟೆ. ನಾವು ಜಡೆ ಹೆಣೆಯುತ್ತೇವೆ, ಕತೆ ಹೆಣೆಯುತ್ತೇವೆ, ಸಂಚೂ ಹೆಣೆಯುತ್ತೇವೆ. ಮಸಲತ್ತಿನ ವಾಸನೆ ಆ ಒಂದು ಕ್ರಿಯಾಪದದಲ್ಲೇ ಇದೆ. ಪ್ರೂಫ್ ನೀವೇ ನೋಡಿ: ಎಕಾರ ಬಿದ್ದು "ಹಣಿಗೆ" ಆದರೆ ನಮ್ಮ ಕಡೆ ಬಾಚಣಿಗೆ.

ಟಿ.ಎಲ್.:
ಒಳ್ಳೆಯದು, ಆದರೆ ಸಾಲಿನ ಕೊನೆಯಲ್ಲಿ ಪದ ಒಡೆದರೆ "ಹೆಣಿ-" ಎಂದು ನಿಲ್ಲುತ್ತದೆ. ಆ ಫೋಟೊಗಳಲ್ಲಿರುವ ಎಷ್ಟೋ ಮಂದಿ ಈಗಿಲ್ಲ. ಪಕ್ಕದಲ್ಲೇ "ಹೆಣ" ಕಂಡ ಹಾಗಾದೀತು. ಪದ ಒಂದೇ ಸಾಲಿನಲ್ಲಿ ಇರುವಂತೆ ನೋಡಿಕೊಳ್ಳಿ.

ಯೂನಿಕೋಡ್ ಪಠ್ಯವನ್ನು ಪ್ರೆಸ್ಸಿನಲ್ಲಿ ನುಡಿ ತಂತ್ರಾಂಶದ ಹಳೆಯ ಅಕ್ಷರಕ್ಕೆ ತಿರುಗಿಸಿದರೆ ಕಾಣದ ಬೆಸುಗೆ-ತಡೆ ಗುರುತು ಉದುರಿ, "ಐರಿಸ್‌ನ" ಎಂಬಲ್ಲಿ ಸಕಾರದ ಕೆಳಗೆ ನಕಾರ ಒತ್ತಾಗಿ ಕೂರಬಹುದು. "ಐರಿಸ್ ನಗರದ" ಎಂದು ಬಿಡಿಸಿ ಬರೆದರೆ ತಾಪತ್ರಯವಿಲ್ಲ. "ತ್ರಾವೆಸ್ತಿ"ಯಲ್ಲಿ ಎರಡು ಒತ್ತು. ಸಾಲಿನಿಂದ ಸಾಲಿಗೆ ಅಕ್ಷರದ ಅಳತೆಯ ಒಂದೂವರೆಯಷ್ಟು ಅಂತರ ಇಡದಿದ್ದರೆ ಕೆಳಸಾಲಿನ ತಲೆಕಟ್ಟಿಗೆ ತಾಗುತ್ತವೆ.

ಎಸ್.ಎಂ.:
ಪ್ರೆಸ್ಸಿಗೆ ಹೋದದ್ದು: "ತ್ರಾವೆಸ್ತಿಯರ ನೆನಪಿನ ಚಿತ್ರಗಳು – ಅರ್ಜೆಂಟೀನಾ". ಅಡಿಬರಹ: "ಎಲ್ ತೆಹೆ (ಹೆಣಿಗೆ), 2007". ಉಡುಪಿಗೆ "ಮಣಿ ಕೂರಿಸಿ ಹೊಲಿದ ಚಮಕಿ". ಎಲ್ಲರಿಗೂ ನಮಸ್ಕಾರ.

ಎನ್.ಪಿ.:
"ಚಿತ್ರ" ಯಾವ ಬಾಶೆಯದು?