ಕಾರಿನ ಅಲಾರ್ಮ್‌ಗೆ ಇನ್ನೂ ನಾಲ್ಕು ಎಲ್‌ಇಡಿ ಸೇರಿಸಬೇಕು, ಮಾಡಿ ನೋಡಿದವರು ಹೇಳಿ

ಪ್ರಶ್ನೆ
ಕಾರಿಗೆ ಆಮೇಲೆ ಹಾಕಿಸಿದ ಅಲಾರ್ಮ್ ಇದೆ. ಲಾಕ್ ಮಾಡಿದಾಗ ಡ್ಯಾಶ್‌ಬೋರ್ಡ್ ಮೂಲೆಯಲ್ಲಿ ಒಂದು ಚಿಕ್ಕ ಕೆಂಪು ಎಲ್‌ಇಡಿ ಮಿನುಗುತ್ತದೆ. ಹಿಂದಿನಿಂದ ಬಂದವರಿಗೆ ಅದು ಕಾಣುವುದೇ ಇಲ್ಲ. ನಾಲ್ಕೂ ಬಾಗಿಲಿಗೆ ಒಂದೊಂದು ನೀಲಿ ಎಲ್‌ಇಡಿ ಹಾಕಬೇಕು, ಅವೂ ಕೆಂಪಿನ ಜೊತೆಗೇ ಮಿನುಗಬೇಕು ಅಂತ ಆಸೆ. ಕೆಂಪಿನ ವೈರಿಗೇ ಸೇರಿಸಿದರೆ ಆಗುತ್ತಾ?

ಉತ್ತರ
ನೇರವಾಗಿ ಸೇರಿಸಬೇಡಿ ಸರ್. ನಾನು ಹಾಗೇ ಮಾಡಿದ್ದೆ. ಕೆಂಪಿನ ಎರಡು ಕಾಲಿಗೇ ಒಂದು ನೀಲಿ ಜೋಡಿಸಿದೆ. ಕೆಂಪು ಎಂದಿನಂತೆ ಮಿನುಗಿತು, ನೀಲಿ ಒಂದು ಚೂರೂ ಬೆಳಗಲಿಲ್ಲ. ಎಲ್‌ಇಡಿ ಕೆಟ್ಟಿದೆ ಅಂದುಕೊಂಡು ಮೂರು ಬದಲಾಯಿಸಿದೆ. ಆಮೇಲೆ ತಿಳಿಯಿತು: ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ನೀಲಿಗೆ 3ಕ್ಕಿಂತ ಜಾಸ್ತಿ ಬೇಕು. ಒಟ್ಟಿಗೆ ಕಟ್ಟಿದರೆ ಕೆಂಪು ವೋಲ್ಟೇಜನ್ನು 2ರಲ್ಲೇ ಹಿಡಿದುಬಿಡುತ್ತದೆ. ಸರಿ, ಎಲ್ಲವೂ ಕೆಂಪೇ ಇರಲಿ ಅಂತ ನಾಲ್ಕು ಕೆಂಪು ಹಾಕಿದೆ. ಇದ್ದ ಕರೆಂಟನ್ನೇ ಐದೂ ಹಂಚಿಕೊಂಡು ಎಲ್ಲವೂ ಮಂಕಾದವು.

ಉತ್ತರ
ಮೇಲೆ ಹೇಳಿದ್ದು ಸರಿ. ಅಲಾರ್ಮ್‌ನ ಎಲ್‌ಇಡಿ ವೈರ್ ಒಂದೇ ಒಂದು ಎಲ್‌ಇಡಿಗೆ ಮಾಡಿದ್ದು, ಸಾಮಾನ್ಯವಾಗಿ 20 ಮಿಲಿಆಂಪಿಯರ್ ಆಸುಪಾಸು. ಅದರಿಂದ ಸನ್ನೆ ಮಾತ್ರ ತಗೊಳ್ಳಿ, ಕರೆಂಟ್ ಬೇರೆ ಕಡೆಯಿಂದ ತನ್ನಿ. ನಡುವೆ ಒಂದು ಟ್ರಾನ್ಸಿಸ್ಟರ್ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಪುಟ್ಟ ಬಿಡಿಭಾಗ) ಸಾಕು. ರಿಲೇ, ಅಂದರೆ ಕಾಯಿಲ್‌ನ ಅಯಸ್ಕಾಂತದಿಂದ ಆನ್-ಆಫ್ ಆಗುವ ಸ್ವಿಚ್, ಬೇಡ. ಕಾರಿನ ರಿಲೇ ಕಾಯಿಲ್‌ಗೇ 150 ಮಿಲಿಆಂಪಿಯರ್ ಹತ್ತಿರ ಬೇಕು, ಅಲಾರ್ಮ್‌ನ ಮಾಡ್ಯೂಲ್ (ಅದರ ಪೆಟ್ಟಿಗೆ) ಸುಟ್ಟುಹೋಗಬಹುದು. ಮೆಕ್ಯಾನಿಕ್‌ಗಳ ಬಲ್ಬ್ ಟೆಸ್ಟರನ್ನೂ ಆ ವೈರಿಗೆ ಮುಟ್ಟಿಸಬೇಡಿ, ಅದೇ ಕಾರಣ.

ಯಾವ ಟ್ರಾನ್ಸಿಸ್ಟರ್ ಅನ್ನುವುದು ನಿಮ್ಮ ಮಾಡ್ಯೂಲ್ ಪ್ಲಸ್ ಕೊಡುತ್ತದೋ ಮೈನಸ್ ಕೊಡುತ್ತದೋ ಅನ್ನುವುದರ ಮೇಲೆ ನಿಂತಿದೆ. ಎಲ್‌ಇಡಿ ಸಿಕ್ಕಿಸಿಟ್ಟೇ ಎರಡೂ ವೈರನ್ನು ಬಾಡಿ ಅರ್ಥ್‌ಗೆ (ಬ್ಯಾಟರಿ ಮೈನಸ್ ಸೇರಿರುವ ಕಾರಿನ ಲೋಹದ ಮೈಗೆ) ಅಳೆದು ಹೇಳಿ. ಮಿನುಗು ಚಿಕ್ಕದು, ಡಿಜಿಟಲ್ ಮೀಟರಿನಲ್ಲಿ ಅಂಕಿ ಕುಣಿಯುತ್ತದೆ. ಮುಳ್ಳಿನ ಮೀಟರ್ ಇದ್ದರೆ ಅದರಲ್ಲಿ ನೋಡಿ.

ಕೇಳಿದವರು
ಅಳೆದೆ. ಒಂದು ವೈರಿನಲ್ಲಿ ಯಾವಾಗಲೂ 12.6 ವೋಲ್ಟ್ ಇದೆ. ಇನ್ನೊಂದು ಎಲ್‌ಇಡಿ ಹೊತ್ತಿದಾಗ ಸೊನ್ನೆಯ ಹತ್ತಿರ ಇಳಿಯುತ್ತದೆ. ಎಲ್‌ಇಡಿ ಬುಡದಲ್ಲಿ ಕೊಳವೆ ಸುತ್ತಿದ ಒಂದು ಉಬ್ಬು ಇದೆ.

ಉತ್ತರ
ಆ ಉಬ್ಬೇ ರೆಸಿಸ್ಟರ್, ಕರೆಂಟನ್ನು ಮಿತಿಯಲ್ಲಿಡುವುದು. ನಿಮ್ಮದು ಮೈನಸ್ ಕೊಡುವ ಮಾಡ್ಯೂಲ್, ಹಾಗಾಗಿ ಬಿಸಿ557 ಅನ್ನುವ ಟ್ರಾನ್ಸಿಸ್ಟರ್ ತಗೊಳ್ಳಿ. ಅದಕ್ಕೆ ಮೂರು ಕಾಲು: ಎಮಿಟರ್ 12 ವೋಲ್ಟ್‌ಗೆ, ಬೇಸ್ 10 ಕಿಲೋಓಮ್ ಮೂಲಕ ಆ ಇಳಿಯುವ ವೈರಿಗೆ, ಕಲೆಕ್ಟರ್ ಹೊಸ ಎಲ್‌ಇಡಿಗಳ ಪ್ಲಸ್‌ಗೆ, ಅವುಗಳ ಮೈನಸ್ ಬಾಡಿ ಅರ್ಥ್‌ಗೆ. ಪ್ರತಿ ಎಲ್‌ಇಡಿಗೂ ಅದರದೇ 1 ಕಿಲೋಓಮ್ ರೆಸಿಸ್ಟರ್ ಇರಲಿ. ಎಂಜಿನ್ ಓಡುವಾಗ 14.4 ವೋಲ್ಟ್ ಬಂದರೂ 12 ಮಿಲಿಆಂಪಿಯರ್ ಸುಮಾರು ಹೋಗುತ್ತದೆ, ಕಣ್ಣಿಗೆ ಧಾರಾಳ. ಬಿಸಿ557ರ ಮಿತಿ 100 ಮಿಲಿಆಂಪಿಯರ್, ನಾಲ್ಕಕ್ಕೆ ಆರಾಮ. 12 ವೋಲ್ಟ್ ಎಲ್ಲಿಂದ ತಗೊಳ್ಳುತ್ತೀರೋ ಅಲ್ಲೇ, ಮೊದಲಲ್ಲೇ, 1 ಆಂಪಿಯರ್ ಫ್ಯೂಸ್ ಹಾಕಿ. ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ. ತಗಡಿನ ಅಂಚಿಗೆ ವೈರ್ ಉಜ್ಜಿ ಸಿಪ್ಪೆ ಹೋಯಿತು ಅಂದರೆ ಕಾರಿನಲ್ಲಿ ಬೆಂಕಿ ಹತ್ತುವುದು ಹೀಗೇ.

ಉತ್ತರ
ಇನ್ನೆರಡು ಮಾತು. ನೀಲಿ ಬೇಡ ಅನ್ನಿಸುತ್ತದೆ. ಹಲವು ಕಡೆ ಹೊರಗೆ ಕಾಣುವ ಹಾಗೆ ಮಿನುಗುವ ನೀಲಿ ದೀಪ ಪೊಲೀಸ್, ಆಂಬುಲೆನ್ಸ್‌ನಂಥ ವಾಹನಗಳಿಗೆ ಮಾತ್ರ. ಬಾಗಿಲಿಗೂ ಬೇಡ. ಪ್ರತಿ ಸಲ ತೆಗೆದು ಹಾಕುವಾಗ ವೈರ್ ಮಡಚಿ ಒಳಗೇ ಮುರಿಯುತ್ತದೆ. ನನ್ನದು ಹಾಗೇ ಆಯಿತು. ಮುಂದಿನ ಗಾಜಿನ ಪಕ್ಕದ ಕಂಬದ ಒಳಗೆ ವೈರ್ ಹಾಯಿಸುವಾಗ ಹುಷಾರು, ಅಲ್ಲಿ ಏರ್‌ಬ್ಯಾಗ್ ಇರಬಹುದು. ಹಳದಿ ಕವಚದ ವೈರ್ ಕಂಡರೆ ಕೈ ಹಾಕಲೇಬೇಡಿ. ಬ್ಯಾಟರಿಯ ಮೈನಸ್ ತೆಗೆದೇ ಕೆಲಸ ಶುರು ಮಾಡಿ.

ಉತ್ತರ
ಬ್ಯಾಟರಿ ಖಾಲಿಯಾಗುವ ಬಗ್ಗೆ ಯಾರೂ ಹೇಳಲಿಲ್ಲ. ನಾನು ಮಿನುಗದ, ಸುಮ್ನೆ ಉರಿಯುತ್ತಲೇ ಇರುವ ಎಲ್‌ಇಡಿ ಪಟ್ಟಿ ಹಾಕಿದ್ದೆ, 120 ಮಿಲಿಆಂಪಿಯರ್. ದಿನಕ್ಕೆ ಸುಮಾರು 2.9 ಆಂಪಿಯರ್ ಅವರ್ (ಆಂಪಿಯರ್ × ಗಂಟೆ, ಬ್ಯಾಟರಿಯಿಂದ ಖರ್ಚಾದ ಅಳತೆ). ಎರಡು ವಾರ ಕಾರ್ ನಿಲ್ಲಿಸಿ ಬಂದರೆ ಸ್ಟಾರ್ಟೇ ಆಗಲಿಲ್ಲ. ನಿಮ್ಮ ನಾಲ್ಕು ಎಲ್‌ಇಡಿ ಸದಾ ಉರಿದರೆ ದಿನಕ್ಕೆ 1 ಆಂಪಿಯರ್ ಅವರ್ ಹತ್ತಿರ. ಹತ್ತರಲ್ಲಿ ಒಂದು ಪಾಲು ಹೊತ್ತು ಮಾತ್ರ ಹೊತ್ತಿದರೆ 0.1. ಮಿನುಗುವುದೇ ಒಳ್ಳೆಯದು, ಅಲ್ವಾ?

ಕೇಳಿದವರು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೀಲಿ ಬಿಟ್ಟು ಕೆಂಪೇ ಹಾಕಿದೆ. ಎರಡು ಡ್ಯಾಶ್‌ಬೋರ್ಡಿನ ಎರಡು ತುದಿಗೆ, ಎರಡು ಹಿಂದಿನ ಗಾಜಿನ ಕೆಳಗೆ. ಮೊದಲ ಸಲ ಒಂದು ಹೊತ್ತಲಿಲ್ಲ, ಕಾಲು ಅದಲುಬದಲಾಗಿತ್ತು. ಉದ್ದದ ಕಾಲು ಪ್ಲಸ್‌ಗೆ ಕೊಟ್ಟ ಮೇಲೆ ಸರಿಹೋಯಿತು. ರಾತ್ರಿ ಕಾರಿನ ಸುತ್ತ ಒಂದು ಸುತ್ತು ಬಂದೆ, ಯಾವ ಕಡೆಯಿಂದ ನೋಡಿದರೂ ಕಾಣುತ್ತದೆ, ಐದೂ ಒಟ್ಟಿಗೇ ಮಿನುಗುತ್ತವೆ. ಫ್ಯೂಸ್ ಎಲ್ಲಿದೆ, ಯಾವ ವೈರ್ ಎಲ್ಲಿಗೆ ಹೋಗಿದೆ ಅಂತ ಒಂದು ಚೀಟಿ ಬರೆದು ಗ್ಲೋವ್ ಬಾಕ್ಸ್‌ನಲ್ಲಿ ಇಟ್ಟಿದ್ದೇನೆ. ಮುಂದೆ ಬಿಚ್ಚುವ ಮೆಕ್ಯಾನಿಕ್‌ಗೆ ಬೇಕಾಗುತ್ತದೆ.