ಚುಕ್ಕಿ, ಮಗ್ಗಿ, ದಶಕ: ಗುಣಾಕಾರ ನೀವೆಲ್ಲ ಮಕ್ಕಳಿಗೆ ಹೆಂಗೆ ಹೇಳ್ಕೊಟ್ರಿ?

ಚಿಂತಾಮಣಿಯಿಂದ ಕೇಳ್ತಿದೀನಿ. ಮಗಳು ಮೂರನೇ ಕ್ಲಾಸು. ಸ್ಕೂಲಲ್ಲಿ ಸಾಲಾಗಿ ಚುಕ್ಕಿ ಇಟ್ಟು ಗುಣಾಕಾರ ಮಾಡಿಸ್ತಾರೆ, ಟ್ಯೂಷನ್ನಲ್ಲಿ ಒಂದರ ಕೆಳಗೊಂದು ಬರೆದು ದಶಕ ತಗೊಳ್ಳೋದು, ಮನೇಲಿ ಅವರ ತಾತ ಬೆಳಗ್ಗೆ ಎದ್ದ ತಕ್ಷಣ ಮಗ್ಗಿ ಒಪ್ಪಿಸು ಅಂತಾರೆ. ಈಗ 7×8 ಎಷ್ಟು ಅಂದ್ರೆ "ಯಾವ್ದ್ರಲ್ಲಿ ಮಾಡ್ಲಿ ಅಮ್ಮ" ಅಂತ ಅಳ್ತಾಳೆ. ಒಂದೇ ಇಟ್ಕೊಂಡು ಮಿಕ್ಕಿದ್ದು ಬಿಡಿಸ್ಲಾ?

ಕೋಲಾರದಿಂದ:
ಬಿಡಿಸ್ಬೇಡಿ ಅಕ್ಕ, ಆದ್ರೆ ಮೂರನ್ನೂ ಒಂದೇ ದಿನ ತಲೆಗೆ ತುರುಕ್ಬೇಡಿ. ನನ್ ಮಗ ಮಗ್ಗಿ ಗಿಣಿ ತರ ಹೇಳ್ತಿದ್ದ, ಮಧ್ಯದಲ್ಲಿ ತಡೆದು ಏಳೆಂಟ್ಲೆ ಎಷ್ಟೋ ಅಂದ್ರೆ ಏಳೊಂದ್ಲೆಯಿಂದ ಶುರು ಮಾಡ್ಬೇಕಿತ್ತು. ಒಂದಿನ ಅಂಗಡಿಯಿಂದ ಮೊಟ್ಟೆ ಟ್ರೇ ತಂದಿದ್ವಿ, ಆರು ಸಾಲು, ಸಾಲಿಗೆ ಐದು, ಬೆರಳಿಟ್ಟು ಎಣಿಸ್ದ, 30. ಟ್ರೇ ಅಡ್ಡ ತಿರುಗಿಸಿ ಈಗೆಷ್ಟು ಅಂದೆ. ಮತ್ತೆ ಒಂದರಿಂದ ಎಣಿಸ್ದ! ಮೂರನೇ ಸಲ ತಿರುಗಿಸಿದಾಗ ಬೆರಳು ಇಡೋಕೆ ಹೋಗಿ ನಿಲ್ಲಿಸ್ಬಿಟ್ಟು "ತಿರುಗಿಸಿದ್ರೂ ಅಷ್ಟೇ ತಾನೆ" ಅಂದ, ನಂಗೆ ಆ ಮುಖ ಇನ್ನೂ ಕಣ್ಮುಂದೆ ಇದೆ.

ಆಮೇಲೆ ಸ್ಲೇಟ್ ಮೇಲೆ ಏಳು ಸಾಲು ಎಂಟೆಂಟು ಚುಕ್ಕಿ ಹಾಕಿಸಿ ಐದನೇ ಸಾಲಿನ ಕೆಳಗೆ ಗೆರೆ ಎಳೆದೆ. ಮೇಲೆ 40, ಕೆಳಗೆ 16, ಒಟ್ಟು 56. ಐದರ ಮಗ್ಗಿ, ಎರಡರ ಮಗ್ಗಿ ಅವನಿಗೆ ಬರ್ತಿತ್ತಲ್ಲ, ಅದ್ರಲ್ಲೇ ಏಳರದ್ದೂ ಸಿಕ್ತು. ದಶಕಾನೂ ಹಿಂಗೇ. ನಮ್ ಮಂಡಿಲಿ ಟೊಮೇಟೊ ಬಾಕ್ಸು 15 ಕೆಜಿ ಲೆಕ್ಕ, ಆರು ಬಾಕ್ಸು ಎಷ್ಟು ಕೆಜಿ? ಹತ್ತಾರ್ಲೆ 60, ಐದಾರ್ಲೆ 30, ಸೇರಿಸಿದ್ರೆ 90. ಕೆಳಗೊಂದು ಬರೆದಾಗ ಸೊನ್ನೆ ಇಟ್ಟು ಮೇಲೆ ಹಾಕ್ತೀವಲ್ಲ 3, ಅದು ಈ ಮೂವತ್ತೇ ಅಂತ ತೋರಿಸಿ. ಟ್ಯೂಷನ್ನಲ್ಲಿ ಇದನ್ನ ಯಾರೂ ಹೇಳಿರಲ್ಲ, ಅದಕ್ಕೇ ಮಕ್ಕಳಿಗೆ ಬೇರೆ ಬೇರೆ ವಿಧಾನ ಅನ್ಸೋದು.

ಸಿರಾ ಕಡೆಯಿಂದ, ಸರ್ಕಾರಿ ಶಾಲೆ ಟೀಚರ್:
ಮೇಲಿನವರು ಹೇಳಿದ್ದು ಸರಿ. ನಾನು ಒಂದರಿಂದ ಹತ್ತರವರೆಗಿನ ಮಗ್ಗಿ ಚಾರ್ಟ್ ಗೋಡೆಗೆ ಹಾಕ್ತೀನಿ, ನೂರು ಮನೆ. 1, 2, 5, 10 ಬರುತ್ತಾ, ಹೊಡೆದುಹಾಕು. ನಾಲ್ಕು ಅಂದ್ರೆ ಎರಡರಷ್ಟರ ಎರಡರಷ್ಟು, ಅದೂ ಹೋಯ್ತು. ಒಂಬತ್ತಾರ್ಲೆ ಅಂದ್ರೆ 60ರಲ್ಲಿ 6 ಕಳೆ, ಅದೂ ಹೋಯ್ತು. ತಿರುಗಿಸಿದ್ರೂ ಅಷ್ಟೇ ಅನ್ನೋದನ್ನ ಹಿಡ್ಕೊಂಡ್ರೆ ಉಳಿಯೋದು ಹತ್ತೇ: 3×3, 3×6, 3×7, 3×8, 6×6, 6×7, 6×8, 7×7, 7×8, 8×8. ಇಷ್ಟನ್ನ ಬಾಯಿಪಾಠ ಮಾಡಿಸಿ ಸಾಕು. ಒಂಬತ್ತಕ್ಕೆ ಬೆರಳು ಮಡಚೋ ಉಪಾಯ (ಹತ್ತು ಬೆರಳಲ್ಲಿ ಆರನೇದು ಮಡಚಿದ್ರೆ ಎಡಕ್ಕೆ 5, ಬಲಕ್ಕೆ 4, ಅಂದ್ರೆ 54) ಮಾತ್ರ ನಾನು ಮೊದಲೇ ಹೇಳ್ಕೊಡಲ್ಲ, ಉತ್ತರ ಬರುತ್ತೆ ಆದ್ರೆ ಯಾಕೆ ಬಂತು ಅಂತ ಮಗುಗೆ ಗೊತ್ತಾಗಲ್ಲ.

ಗೌರಿಬಿದನೂರಿಂದ:
ತಾತನ ಮಗ್ಗಿ ದಯವಿಟ್ಟು ನಿಲ್ಲಿಸ್ಬೇಡಿ. ನನ್ನ ದೊಡ್ಡ ಮಗಳಿಗೆ ಅರ್ಥ ಆದ್ರೆ ಸಾಕು ಅಂತ ಬಿಟ್ವಿ, ಮುಂದೆ ದೊಡ್ಡ ಭಾಗಾಕಾರ ಬಂದಾಗ ಒಂದೊಂದು ಹೆಜ್ಜೆಗೂ ನಿಂತು ಕೂಡ್ತಾ ಕೂತ್ಕೊಂಡ್ಳು, ಪರೀಕ್ಷೇಲಿ ಟೈಮೇ ಸಾಲ್ಲಿಲ್ಲ. ತಾತನಿಗೆ ಒಂದೇ ಮಾತು ಹೇಳಿ, ಸಾಲಾಗಿ ಬೇಡ, ಅಲ್ಲೊಂದು ಇಲ್ಲೊಂದು ಕೇಳ್ಲಿ.

ಕೇಳಿದವರಿಂದ ಮತ್ತೆ:
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಹುಣಸೆ ಬೀಜ ಜೋಡಿಸಿ ಏಳು ಸಾಲು ಮಾಡಿದ್ವಿ, ಗೆರೆ ಬದ್ಲು ಪೊರಕೆ ಕಡ್ಡಿ. ನಾನು ಐದನೇ ಸಾಲಿನ ಕೆಳಗಿಟ್ಟೆ, ಅವ್ಳು ಎತ್ತಿ ಎರಡನೇ ಸಾಲಿನ ಕೆಳಗಿಟ್ಟು "ಇಲ್ಲಿಟ್ರೂ ಅಷ್ಟೇ ಬರುತ್ತಾ" ಅಂದ್ಳು, ಎಣಿಸಿ ನೋಡಿದ್ಳು. 6×8 ಇನ್ನೂ ಕಷ್ಟ ಪಡ್ತಿದಾಳೆ. ಸೋಮವಾರ ಟ್ಯೂಷನ್ ಮಿಸ್ ಹತ್ರ ಆ ದಶಕದ ವಿಷಯ ಮಾತಾಡ್ಕೊಂಡು ಬರ್ತೀನಿ.